ಮುಂದಿನ ಸೀಟು

ಡರ್ಬನ್ನಿನ ಟ್ಯಾಕ್ಸಿಗೆ ಬೋರ್ಡಿಲ್ಲ.
ರಸ್ತೆ ಬದಿ ನಿಂತು ಬೆರಳೆತ್ತಬೇಕು.
ತೋರುಬೆರಳು ಮೇಲಕ್ಕೆಂದರೆ ಪೇಟೆ, ಕಡಲು.
ಬೇರೆ ಕಡೆಗೆ ಬೇರೆ ಬೆರಳಂತೆ;
ಲಾಡ್ಜಿನ ಕಾವಲಿನ ಝಿಬೂಸೆ
ನನಗೆ ಹೇಳಿಕೊಟ್ಟದ್ದು ಅದೊಂದೇ.
‘ಸಾಕು,’ ಅಂದ, ‘ಉಳಿದದ್ದನ್ನು ಇಳಿಜಾರು ನೋಡಿಕೊಳ್ಳುತ್ತದೆ.’

ಬಿಳಿ ವ್ಯಾನು. ಉರುಳುತ್ತಲೇ ಬಾಗಿಲು ತೆರೆಯಿತು.
ಮುಂದಿನ ಸೀಟು ಖಾಲಿ, ಕಿಟಕಿ ಪಕ್ಕ.
ಹದಿನಾಲ್ಕು ಜನ ಹಿಂದೆ ಮೊಣಕೈಗೆ ಮೊಣಕೈ ಒತ್ತಿಕೊಂಡು
ಇದನ್ನೇಕೆ ಬಿಟ್ಟಿದ್ದಾರೆ ಎಂದು
ಕೇಳಿಕೊಳ್ಳಬೇಕಿತ್ತು ನಾನು.
ಪರಊರಿನವಳಿಗೆ ಮರ್ಯಾದೆ ಅಂದುಕೊಂಡೆ.

ಭುಜಕ್ಕೊಂದು ತಟ್ಟು.
ಇಪ್ಪತ್ತರ ನೋಟು ಬಂತು,
ಆಮೇಲೆ ಐವತ್ತು, ಬೆವರಿಗೆ ಮೆತ್ತಗಾದ ನೂರು,
ನಾಣ್ಯ ಸುತ್ತಿದ ಹತ್ತು.
ಇಬ್ಬರದು, ನಾಲ್ವರದು, ಇದು ಆ ಹುಡುಗನದೂ ಸೇರಿ,
ಜುಲುವಿನಲ್ಲಿ, ಬೆರಳಲ್ಲಿ, ಹುಬ್ಬಲ್ಲಿ.
ರಸ್ತೆಯಿಂದ ಕಣ್ಣು ತೆಗೆಯದೆ ಡ್ರೈವರು ಅಂದ:
‘ಮುಂದೆ ಕೂತವರದೇ ಲೆಕ್ಕ, ಸಿಸಿ. ತಲೆಗೆ ಹದಿಮೂರು.’

ಹದಿಮೂರು!
ಯಾವ ಮಗ್ಗಿಗೆ ಮೂರನೇ ಕ್ಲಾಸಿನಲ್ಲಿ
ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತಿದ್ದೆನೋ
ಅದು ಸಮುದ್ರ ದಾಟಿ ಬಂದು
ತೊಡೆಯ ಮೇಲೆ ಕೂತಿತ್ತು.

ಹದಿಮೂರೊಂದ್ಲ ಹದಿಮೂರು
ಹದಿಮೂರೆರಡ್ಲ ಇಪ್ಪತ್ತಾರು
ಬಾಯಿಬಿಟ್ಟೇ ಹೇಳಿದೆ, ಕಣ್ಣು ಮುಚ್ಚಿ, ರಾಗ ಎಳೆದು.
ಮನಸ್ಸಿನಲ್ಲಿ ಹೇಳಿದರೆ ನನಗದು ಬರುವುದಿಲ್ಲ.
ಡ್ರೈವರು ಹಾಡು ನಿಲ್ಲಿಸಿದ.
ಪ್ರಾರ್ಥನೆ ಇರಬೇಕೆಂದು ವ್ಯಾನೆಲ್ಲ ಗಪ್‌ಚಿಪ್.
ತೊಂಬತ್ತೊಂದರ ಹೊತ್ತಿಗೆ ಹಿಂದಿನ ಸಾಲಲ್ಲಿ
ಯಾರೋ ‘ಆಮೆನ್’ ಅಂದರು.

ಬೇರುನಾರು ಮಾರುವವರ ಸೇತುವೆ,
ಮಣಿ ಪೋಣಿಸುವ ಹೆಂಗಸರ ಸಾಲು, ಹಳೆ ಮಸೀದಿ,
ನೋಡಲೇಬೇಕೆಂದು ಗುರುತು ಹಾಕಿಕೊಂಡದ್ದೆಲ್ಲ
ಕಿಟಕಿಯಾಚೆ ಹೋಗೇ ಹೋಯಿತು.
ಡ್ರೈವರಿಗೆ ನೂರಾ ತೊಂಬತ್ತೈದು ಕೊಟ್ಟ ಮೇಲೂ
ಏಳು ರ‍್ಯಾಂಡ್ ನನ್ನ ಅಂಗೈಯಲ್ಲಿ.
‘ಯಾರದು ಏಳು?’
ಯಾರದೂ ಅಲ್ಲ.

ಕಡಲ ದಂಡೆಯಲ್ಲಿ ನನ್ನ ಜೊತೆ ಇಳಿದವರು
ಡಂಡಿಯಿಂದ ಬಂದ ಗೋಗೊ ಮಾಂಗುಬಾನೆ,
ಕೈಗೊಂದು ಖಾಲಿ ಕ್ಯಾನು.
ಸರ್ಫ್ ಹಲಗೆಯ ಹುಡುಗರ ನಡುವೆ
ಲಂಗ ಎತ್ತದೆಯೇ ಮೊಣಕಾಲುದ್ದ ನೀರಿಗೆ ನಡೆದರು.
‘ಏಳು ನನ್ನದೇ,’ ಅಂದರು.
‘ಪ್ರಾರ್ಥನೆಗೆ ಕಾಣಿಕೆ. ಇಟ್ಟುಕೋ.’
ಅಲೆ ಹಿಂದೆ ಸರಿಯದಂತೆ ಕ್ಯಾನಿನಲ್ಲಿ ಹಿಡಿದರು,
ಒಂದು ಹಿಡಿ ಮರಳೂ ಹಾಕಿದರು,
ಮುಚ್ಚಳ ನನ್ನ ಕೈಗೆ ಕೊಟ್ಟು,
‘ಮೊಮ್ಮಗ ರಾತ್ರಿಯೆಲ್ಲ ಚೀರುತ್ತಾನೆ, ಕನಸು ಬಿದ್ದು.
ಇದಕ್ಕೂ ಒಂದು ಸಲ ಹೇಳು.’

ಮಗ್ಗಿಗೆ ಜುಲುವಿನಲ್ಲಿ ಏನನ್ನುತ್ತಾರೋ.
ಚಪ್ಪಲಿ ಕೈಯಲ್ಲಿ ಹಿಡಿದು
ನೀರಲ್ಲಿ ನಿಂತು ಹೇಳಿದೆ, ಹತ್ತರ ತನಕ, ನಿಧಾನಕ್ಕೆ.
ಅವರು ತಲೆ ಬಗ್ಗಿಸಿಯೇ ಇದ್ದರು.
ಆಮೆನ್. ಮುಚ್ಚಳ ತಿರುಗಿತು.

ಕ್ಯಾನು ತಲೆಯ ಮೇಲೇರಿ
ಬಸ್ಸಿನ ಕಡೆ ಅರ್ಧ ದಾರಿ ಹೋದ ಮೇಲೆ
ನನಗೆ ಹೊಳೆಯಿತು:
ಹದಿಮೂರೆಂಟ್ಲ ನೂರಾ ನಾಲ್ಕು.
ನಾನು ನೂರಾ ಎರಡು ಅಂದಿದ್ದೆ.