ಬೊಟ್ಟಿಯ ತೊಗಲು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಕೊಡೆ ರಿಪೇರಿಯವನ ಪಕ್ಕ,
ನನ್ನ ಅಂಗಡಿ. ಅಂಗಡಿಯೆಂದರೆ ಒಂದು ಪೆಟ್ಟಿಗೆ, ಒಂದು ಅಡಿಗಲ್ಲು,
ಅಪ್ಪ ಪಿರಿಯಾಪಟ್ಟಣದಿಂದ ಹೊತ್ತು ತಂದ ಮೂರು ರಂಪಿಗೆ.
ಹಾಕಿ ಆಡುವವರ ಪ್ಯಾಡು ಹೊಲಿದಿದ್ದೇನೆ, ಕೋವಿಯ ಬೆಲ್ಟು ಹೊಲಿದಿದ್ದೇನೆ,
ಚರ್ಚಿನ ಹಾರ್ಮೋನಿಯಮ್ಮಿನ ತಿದಿಯನ್ನೂ ಒಮ್ಮೆ.
ಬತ್ತಳಿಕೆ ಮಾತ್ರ
ಕ್ಯಾಲೆಂಡರಿನ ರಾಮನ ಬೆನ್ನಲ್ಲಿ ನೋಡಿದ್ದು.

ಡ್ರಿಲ್ ಟೀಚರು ಬೊಳ್ಳವ್ವ ಜೀಪಿನಿಂದ ಇಳಿದರು.
ರಿಟೈರಾಗಿ ಹನ್ನೊಂದು ವರ್ಷ, ಸೀಟಿ ಇನ್ನೂ ಕೊರಳಲ್ಲೇ.
ಗೋಣಿಚೀಲ ಬಿಚ್ಚಿದರು: ಎಮ್ಮೆಯ ತೊಗಲು,
ಉಪ್ಪು ಸವರಿ ಮಡಿಸಿದ್ದು.
"ನಮ್ಮ ಬೊಟ್ಟಿ. ಬಾಳೆಲೆ ಗದ್ದೆಯಲ್ಲಿ ಹುಲಿ ಹಿಡಿಯಿತು.
ಫಾರೆಸ್ಟಿನವರು ಫೋಟೋ ತೆಗೆದರು, ಅರ್ಜಿ ಬರೆಸಿಕೊಂಡರು.
ಇದನ್ನು ಹೂಳಲು ಮನಸ್ಸು ಬರಲಿಲ್ಲ.
ಹನ್ನೆರಡು ಬಾಣ ಹಿಡಿಯಬೇಕು. ಕೈಲ್‌ಪೊಳ್ದ್ ಹೊತ್ತಿಗೆ ಬೇಕು.
ಗೋಡೆಯ ಮೇಲಿನ ಕೋವಿಯೆಲ್ಲ ಗಂಡಸರದು."
ಹುಲಿಗಾ, ಎಂದೆ.
"ಹುಚ್ಚಾ ನಿನಗೆ? ಬಾಳೆದಿಂಡಿಗೆ."

ಕಕ್ಕಡದಲ್ಲಿ ಹಸಿತೊಗಲು ಮುಟ್ಟುವವನಿಗೆ ಬುದ್ಧಿ ಇರುವುದಿಲ್ಲ.
ಸುಣ್ಣದ ನೀರಲ್ಲಿ ಒಂಬತ್ತು ದಿನ. ಕೂದಲು ಕೆರೆದೆ.
ಅಳಲೆಕಾಯಿ, ಮತ್ತಿತೊಗಟೆಯ ಕಷಾಯದಲ್ಲಿ ಮತ್ತೆ ಹದಿನೈದು.
ನಾತಕ್ಕೆ ಕೊಡೆಯವನು ಮಾತು ಬಿಟ್ಟ,
ಹೆಂಡತಿ ಚಾಪೆ ಬೇರೆ ಹಾಸಿದಳು.
ಬೂಸ್ಟು ಬಂತು. ಒರೆಸಿದೆ. ಬೂಸ್ಟು ಬಂತು.
ಕಡೆಗೆ ಹೋಟೆಲಿನ ಬಚ್ಚಲೊಲೆಯ ಮೇಲೆ ತೂಗಿಬಿಟ್ಟೆ;
ಕಾಫಿಕಟ್ಟಿಗೆಯ ಹೊಗೆಗೆ ಅದು ನಿಧಾನಕ್ಕೆ
ಹಳೇಬೆಲ್ಲದ ಬಣ್ಣಕ್ಕೆ ತಿರುಗಿತು.

ಆಗ ಸರಿಯಾಗಿ ಕಂಡವು:
ನಾಲ್ಕು ಗೀರು, ಭುಜದಿಂದ ಓರೆಯಾಗಿ,
ಒಂದಂತೂ ಬೆರಳು ತೂರುವಷ್ಟು ಹರಿದು.
ಕಸುಬು ಬಲ್ಲವನು ಕಲೆ ತೋರಿಸುವುದಿಲ್ಲ ಎನ್ನುತ್ತಿದ್ದ ಅಪ್ಪ.
ಗೀರು ಬೆನ್ನಿಗೆ ತಾಗುವ ಕಡೆ ಬರುವಂತೆ ಕೊಯ್ದೆ,
ನೆನೆಸಿ, ಬಿದಿರಬೊಂಬಿಗೆ ಸುತ್ತಿ, ಹುರಿ ಬಿಗಿದು ಎರಡು ರಾತ್ರಿ.
ತಳಕ್ಕೆ ಎರಡು ಪದರ; ಬಾಣ ಮೊದಲು ತಿನ್ನುವುದು
ತನ್ನ ಮನೆಯ ನೆಲವನ್ನೇ.
ಆರೆಯಲ್ಲಿ ತೂತು, ತೂತಿಗೆ ಎರಡು ಸೂಜಿ, ಎದುರುಬದುರು,
ದಾರಕ್ಕೆ ತಿತಿಮತಿ ಹಾಡಿಯ ಚೆನ್ನಿ ಮಾರುವ ಜೇನುಮೇಣ.
ನೂರಾ ಹದಿನಾಲ್ಕು ಹೊಲಿಗೆ. ಕೂಲಿಗಾಗಿ ಎಣಿಸಿದ್ದಲ್ಲ,
ಎಣಿಕೆ ತಪ್ಪಿದರೆ
ನಾನೆಂದೂ ಕಾಣದ ಎಮ್ಮೆ ಎದುರು ಬಂದು ನಿಲ್ಲುತ್ತಿತ್ತು.

ಟೀಚರು ಹೆಗಲಿಗೆ ಹಾಕಿ, ಬಾಣ ತುಂಬಿ, ನಾಲ್ಕು ಹೆಜ್ಜೆ ನಡೆದರು.
ಬೆನ್ನ ಹಿಂದೆ ಕೈ ತೂರಿಸಿ ತಡವಿದರು.
"ಇದನ್ನೇಕೆ ಮುಚ್ಚಿದೆ?"
ನೋಡುವವರಿಗೆ ಅಸಹ್ಯ ಅಂತ, ಎಂದೆ.
ಸೀಟಿ ತುಟಿಗಿಟ್ಟು ತೆಗೆದರು. ಊದಲಿಲ್ಲ.
"ಪಟ್ಟಿ ಬಿಚ್ಚು. ಆಚೆ ಬದಿಗೆ ಹಾಕು."

ಬಿಚ್ಚಿದೆ. ಆಚೆ ಹೊಲಿದೆ. ಹಳೆಯ ಎಂಟು ತೂತು
ಹಾಗೇ ಉಳಿದವು. ಮೇಣ ಮೆತ್ತಲು ಹೋದೆ.
"ಬಿಡು," ಎಂದರು. "ಬಾಕಿ ಇನ್ನೂರು ಹಬ್ಬ ಕಳೆದ ಮೇಲೆ."
ಅವರು ಜೀಪು ಹತ್ತುವಾಗ ಹರಿದ ಗೀರಿನೊಳಗಿಂದ
ಒಂದು ಬಾಣದ ಹಳದಿ ಕಡ್ಡಿ ಇಣುಕಿತು.

ಕೊಡೆಯವನು ತಿಂಗಳ ಮೇಲೆ ಬಾಯಿ ಬಿಟ್ಟ:
"ಏನದು, ಹುಲಿಯದ್ದಾ?"
ಎಮ್ಮೆಯದ್ದು, ಎಂದೆ.