ನಾನೂರ ಮೂವತ್ತು ಗ್ರಾಂ

ಒರ್ದಿಸಿಯಾದ ಬುಧವಾರದ ಸಂತೆ ಎದ್ದ ಮೇಲೆ
ಚಾಕು ಒರೆಸಿಟ್ಟು, ಏಪ್ರನ್ ಬಿಚ್ಚದೆ,
ಚೀಸು ತೂಗುವ ತಕ್ಕಡಿಯ ಮೇಲೆ
ಸೈಕಲ್ಲಿನ ಹಿಂಗಾಲಿ ಇಟ್ಟೆ.
ಪಕ್ಕದ ಮಳಿಗೆಯ ಎಸ್ಕರ್ನೆ
ಮೆಣಸಿನಕಾಯಿ ಮೂಟೆ ಕಟ್ಟುತ್ತ ಕೇಳಿದಳು:
'ಕಿಲೋಗೆ ಎಷ್ಟು, ಗಾರ್ಬಿನ್ಯೆ?'

ಹಿಂದಿನದು ಸಾವಿರದ ನಲವತ್ತು.
ಮುಂದಿನದು ಎಂಟುನೂರ ತೊಂಬತ್ತು.

ಇಪ್ಪತ್ತಾರು ವರ್ಷ ಕುರಿಹಾಲು ಹೆಪ್ಪಿಟ್ಟು
ಚೀಸು ಕೊಯ್ದ ಕೈ ಇದು.
ಕಾಲು ಕಿಲೋ ಎಂದರೆ ಕಾಲು ಕಿಲೋ,
ಮುಳ್ಳು ನಿಲ್ಲುವ ಮೊದಲೇ ಹೆಬ್ಬೆರಳಿಗೆ ಗೊತ್ತು.
ಅಂಥವಳು ಏಳು ವರ್ಷ
ಲಿಸಾರುಸ್ತಿಯ ಏರಿನಲ್ಲಿ
ಏನು ಹೊರುತ್ತಿದ್ದೇನೆಂದು ಒಮ್ಮೆಯೂ ತೂಗಿರಲಿಲ್ಲ.

ಬಿತ್ತೋರನ ಅಂಗಡಿ ಗೋಡೆಗೆ ಗಾಲಿಗಳು,
ಮಾಗಲು ಇಟ್ಟ ಚೀಸಿನ ಹಾಗೆ, ಸಾಲಾಗಿ.
'ಕಾರ್ಬನ್?' ಎಂದು ಬೆರಳಲ್ಲಿ ತಟ್ಟಿದ.
ಒಳಗೆ ಬಿರುಕು ಬಿಟ್ಟ ಚೀಸು ತಟ್ಟಿದರೂ ಅದೇ ಸದ್ದು.
ಬೆಲೆ ಕೇಳಿದೆ. ನಮ್ಮ ವ್ಯಾನಿನ ಗೇರ್‌ಬಾಕ್ಸಿಗೂ ಅಷ್ಟಾಗಿರಲಿಲ್ಲ.
'ಇದರ ಅಂಚಿಗೆ ಕೊಕ್ಕೆ ಇಲ್ಲ,
ಐದು ಬಾರ್ ಮೀರಿ ಗಾಳಿ ಹೊಡೆಯಬೇಡ' ಎಂದ.
ಕೊಕ್ಕೆಯಿಲ್ಲದ ಅಂಚು ನನಗೇಕೋ
ಚಿಲಕವಿಲ್ಲದ ಬಚ್ಚಲು.

ಅಲ್ಯುಮಿನಿಯಂ ಸಾಕು ಎಂದೆ.
ಇಪ್ಪತ್ತಮೂರು ಮಿಲಿಮೀಟರು ಒಳಗಲ,
ಡಿಸ್ಕು ಕೂರಲು ನಡುವೆ ಹಲ್ಲಿನ ಬೀಗ.
ಬ್ರೇಕು ಅಂಚನ್ನು ಉಜ್ಜುವುದೇ ಇಲ್ಲವೆಂದ ಮೇಲೆ
ಅಂಚಿಗೆ ಅಷ್ಟೊಂದು ಮಾಂಸ ಯಾಕೆ?
'ಅವತ್ತು ನನಗೂ ಹೊಳೆಯಲಿಲ್ಲ' ಎಂದ ಬಿತ್ತೋರ್,
'ನಿನಗೆ ಅದನ್ನು ಮಾರಿದವನೂ ನಾನೇ.'

ಹಳೆಯ ಟ್ಯೂಬು ಎಳೆದು ಹಾಕಿದ.
ಕುರಿಯ ಕರುಳಿನಂತೆ ಮೇಜಿನ ಮೇಲೆ ಬಿತ್ತು.
ಒಂಬತ್ತು ತೇಪೆ.
ಒಂದು ಅತಾವುನಿನ ಗಾಜಿಗೆ,
ಒಂದು ಬೇಲಿ ತಂತಿಗೆ,
ಒಂದು, ಫೆಬ್ರವರಿಯಲ್ಲಿ ಬೆರಳು ಮರಗಟ್ಟಿ
ಟೈರನ್ನು ಹಲ್ಲಲ್ಲಿ ಕಚ್ಚಿ ಎಳೆದದ್ದು.
ಮಿಕ್ಕವು ನೆನಪಿಲ್ಲ.
ನೆನಪಿದೆಯೆಂದು ನಟಿಸುವುದೂ ಇಲ್ಲ.

ಬಾಟಲಿ ಕುಲುಕಿ
ನಲವತ್ತು ಮಿಲಿ ಬಿಳಿಯದೇನೋ ಸುರಿದ.
ಪಂಪಿನ ಒಂದೇ ಉಸಿರಿಗೆ ಟೈರು
ಠಪ್, ಠಪ್, ಅಂಚು ಹಿಡಿದು ಕೂತಿತು.
'ತೂತು ಬಿದ್ದರೆ ಈ ಹಾಲು ಅಲ್ಲಿಗೇ ಓಡಿ
ಗಟ್ಟಿಯಾಗುತ್ತದೆ' ಎಂದು ವಿವರಿಸಿದ.
ನನಗೆ! ಹೆಪ್ಪು ಹಾಕುವವಳಿಗೆ!
'ಎಷ್ಟು ಹೊತ್ತು? ಎಷ್ಟು ಬಿಸುಪಿಗೆ?' ಎಂದರೆ
ಬಾಟಲಿಯ ಬೆನ್ನು ಓದತೊಡಗಿದ.

ಎರಡೂ ಸೇರಿ ಸಾವಿರದ ಐನೂರು.
ಉಳಿದದ್ದು ನಾನೂರ ಮೂವತ್ತು.
ಭಾನುವಾರ ಬೆಳಗ್ಗೆ ಅಷ್ಟೇ ತೂಕದ ಚೀಸು ಕೊಯ್ದು
ಬೆನ್ನಿನ ಜೇಬಿಗೆ ಇಳಿಬಿಟ್ಟೆ.
ಲೆಕ್ಕ ಅಂದರೆ ಲೆಕ್ಕ.
ಬಿತ್ತೋರ್ ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಆದರೆ ಜೇಬಿನದು ಸುಮ್ಮನೆ ಕೂತು ಬರುವ ಭಾರ.
ಅಂಚಿನದು ಪ್ರತಿ ತಿರುವಿಗೂ
ಎಬ್ಬಿಸಿ ಎಬ್ಬಿಸಿ ನಡೆಸಬೇಕಿದ್ದ ಭಾರ.
ತಿರುವು ಕಳೆದು ಪೆಡಲಿನ ಮೇಲೆ ಎದ್ದಾಗ
ಸೈಕಲ್ಲು ನನಗಿಂತ ಒಂದು ಚಣ ಮೊದಲೇ ಹೊರಟಿತು.
ಅಷ್ಟೇ. ಏರು ಏರೇ.
ಐವತ್ತಮೂರರ ಮೊಣಕಾಲು ಐವತ್ತಮೂರೇ.

ಮೇಲೆ, ಬೀಚ್ ಮರಗಳ ಮಂಜಿನಲ್ಲಿ,
ಅರ್ಧ ನಾನು ತಿಂದೆ.
ಅರ್ಧ, ನನಗೆ ಹಾಲು ಕೊಡುವ ಕುರಿಗಾಹಿ ದೊಮೆಕಾಗೆ.
ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಇಳಿಸಿ,
ಬಾಯಿ ಒರೆಸಿಕೊಂಡು ಕೇಳಿದ:
'ನನ್ನ ಹಾಲನ್ನೇ ನನ್ನ ಬೆಟ್ಟಕ್ಕೆ ಹೊತ್ತು ತಂದೆಯಲ್ಲ,
ಹಗುರವಾದದ್ದು ಯಾರು?'

ಇಳಿಜಾರಿನಲ್ಲಿ ಏನೋ ಚುಚ್ಚಿತು.
ಸುಯ್, ಸುಯ್, ಸುಯ್,
ಸುತ್ತಿಗೊಂದು ಉಸಿರು.
ಮೀನಖಂಡಕ್ಕೆ ಬಿಳಿ ಹನಿ.
ಹಂಡೆಯ ಮುಂದೆ ನಿಂತು ಎಣಿಸುವ ಹಾಗೆ ಎಣಿಸಿದೆ.
ಅಲ್ಲಿ ಕಲಕಬಾರದು,
ಇಲ್ಲಿ ನಿಲ್ಲಬಾರದು.

ಇಪ್ಪತ್ತೊಂಬತ್ತು,
ಮೂವತ್ತು,

ಆಮೇಲೆ ಒದ್ದೆ ರಸ್ತೆಯ ಸದ್ದು ಮಾತ್ರ.