ಮೂರು ಮಾರು ಜಾಗ

ಕಾರು ಮಾರಿ ಹನ್ನೊಂದು ವರ್ಷವಾಯಿತು, ಎಲಾದಿಯೊ,
ಕೀಲಿ ಮಾತ್ರ ಇನ್ನೂ ನಿನ್ನ ಜೇಬಿನಲ್ಲಿ.
ಸುಟ್ಟ ಚೆಸ್ಟ್‌ನಟ್ಟಿನ ಸಿಪ್ಪೆ ಬಿಡಿಸಲು
ಅದಕ್ಕಿಂತ ಒಳ್ಳೆಯ ಆಯುಧವಿಲ್ಲವಂತೆ.

ಪೊಂತೆವೆದ್ರದ ಇದೇ ಓಣಿಯಲ್ಲಿ
ನಾವು ಮಾತು ಬಿಟ್ಟದ್ದು ಮೂರು ಮಾರು ಜಾಗಕ್ಕೆ:
ನಿನ್ನ ಫಿಯೆಟ್ ನಿಲ್ಲಬೇಕೋ, ನನ್ನ ರೆನೋ ನಿಲ್ಲಬೇಕೋ.
ಆರು ವರ್ಷ ಒಂದು ನಮಸ್ಕಾರವೂ ಇಲ್ಲ.

ಈಗ ಅಲ್ಲೇ ನವೆಂಬರಿನ ಹಬ್ಬದ ಮೇಜು.
ಉಶೀಯಾ ತೂತು ಡಬ್ಬಿಯಲ್ಲಿ ಕೆಂಡ ಕೆದಕುತ್ತಾಳೆ,
ಮೀನಂಗಡಿಯ ಮೊದೆಸ್ತೊ ಬ್ಯಾಗ್‌ಪೈಪಿಗೆ ಉಸಿರು ತುಂಬಿ ತುಂಬಿ
ಕೆಂಪಾಗಿದ್ದಾನೆ, ರಾಗ ಇನ್ನೂ ಬಂದಿಲ್ಲ.
ಮುಖಕ್ಕೆ ಮಸಿ ಮೆತ್ತಿಕೊಂಡ ಮಕ್ಕಳು
ರಸ್ತೆಯ ನಟ್ಟನಡುವೆ ಕೂತು ಜಗಳವಾಡುತ್ತವೆ;
ಹುಷಾರೆಂದು ಯಾರೂ ಕೂಗುವುದಿಲ್ಲ.

ಸದ್ದೇ ಇಲ್ಲವೆಂದಲ್ಲ.
ಮೇಲಿನ ಮಹಡಿಯ ಸೀನು,
ಎರಡು ಓಣಿಯಾಚೆ ಯಾರೋ ಬೀಳಿಸಿದ ಚಮಚ,
ಕೂತು ಏಳುವಾಗ ನಿನ್ನ ಮೊಣಕಾಲಿನ ಕಟಕಟ
ಎಲ್ಲ ಕೇಳಿಸುತ್ತದೆ.

ಮಳೆ ಹನಿಯಿತು. ಯಾರೂ ಮನೆಗೆ ಓಡಲಿಲ್ಲ.
ಮೇಜನ್ನಷ್ಟೇ ಸೂರಿನಡಿಗೆ ಸರಿಸಿದೆವು,
ನೀನೊಂದು ತುದಿ, ನಾನೊಂದು ತುದಿ.
"ಹಿಂದಕ್ಕೆ, ಇನ್ನೂ ಹಿಂದಕ್ಕೆ, ಸ್ವಲ್ಪ ಎಡಕ್ಕೆ,
ಸಾಕು ಸಾಕು" ಎಂದೆ ನೀನು,
ಕಾರು ನಿಲ್ಲಿಸುವವರಿಗೆ ಹೇಳುವ ಹಾಗೆಯೇ.